ನದಿಯ ಈಚೆ ದಂಡೆಯಿಂದ, ದಳವಾಯಿಗೆ

ಪ್ರಿಯ ದಳವಾಯಿ,

ಹಲಗೆ ಸಿದ್ಧವಾಯಿತು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್. ಅಪ್ಪನ ಎರಡು ಟ್ರಂಕುಗಳ ಮೇಲೆ ಅಡ್ಡ ಇಟ್ಟಿದ್ದೇನೆ. ಅಂಗುಲಕ್ಕೆ ನೂರು ಮೀಟರ್ ಎಂದು ಹಿಡಿದರೆ ಉದ್ದಕ್ಕೆ ಏಳು ಕಿಲೋಮೀಟರ್ ಸಿಗುತ್ತದೆ. ಕೃಷ್ಣೆಗೂ ದಕ್ಷಿಣದ ಎರೆ ಹೊಲಗಳಿಗೂ ಅಷ್ಟು ಸಾಕು. ಈ ಸಲ ನೆಲಕ್ಕೆ ಬಣ್ಣ ಬಳಿಯಲಿಲ್ಲ. ನಮ್ಮ ಹೊಲದ ಮಣ್ಣನ್ನೇ ಜರಡಿ ಹಿಡಿದು ಅಂಟಿನ ಮೇಲೆ ಉದುರಿಸಿದೆ. ಎರಡು ದಿನ ಒಣಗಿದ ಮೇಲೆ ಅದು ಬೇಸಿಗೆಯ ಹೊಲದಂತೆ ತಾನಾಗಿಯೇ ಬಿರುಕು ಬಿಟ್ಟಿತು. ಹದಿನೈದು ಮಿಲಿಮೀಟರಿನ ಕಾಲಾಳು ಆ ಬಿರುಕಿನಲ್ಲಿ ಮೊಣಕಾಲಿನವರೆಗೆ ಇಳಿಯುತ್ತಾನೆ. ನೀನು ನೋಡಬೇಕಿತ್ತು.

ನಮ್ಮ ಆಟವನ್ನು ಅರಿಯದೆ ಇದನ್ನು ಓದುತ್ತಿರುವವರಿಗಾಗಿ ಒಂದು ಮಾತು. ನಾವಿಬ್ಬರೂ ಬೆರಳಿನ ಉಗುರಿನಷ್ಟು ಎತ್ತರದ ಸೈನಿಕರಿಗೆ ಬಣ್ಣ ಬಳಿದು, ಅಳತೆ ಪಟ್ಟಿಯಿಂದ ಅವರ ನಡಿಗೆ ಅಳೆದು, ದಾಳ ಉರುಳಿಸಿ ಹಳೆಯ ಯುದ್ಧಗಳನ್ನು ಮತ್ತೆ ಕಟ್ಟಿ ಆಡುತ್ತೇವೆ. ಈಗ ಕಟ್ಟುತ್ತಿರುವುದು ವಿಜಯನಗರದ ರಾಮರಾಯನಿಗೂ ದಖ್ಖನ್ನಿನ ಸುಲ್ತಾನರಿಗೂ ನಡೆದ 1565ರ ಜನವರಿ 23ರ ಯುದ್ಧವನ್ನು. ಶಾಲೆಯಲ್ಲಿ ಅದು ತಾಳಿಕೋಟೆ ಕದನ, ನಮ್ಮ ಕಡೆಯವರ ಬಾಯಲ್ಲಿ ರಕ್ಕಸಗಿ–ತಂಗಡಗಿ. ಮುದ್ದೇಬಿಹಾಳದ ಬಸ್ಸು ಹತ್ತಿದರೆ ಮುಟ್ಟಬಹುದಾದ ನೆಲ.

ಹೋದ ತಿಂಗಳು ತಂಗಡಗಿಗೆ ಹೋಗಿದ್ದೆ. ನೀಲಮ್ಮನ ಗುಡಿಯ ಬಳಿ ನಿಂತು ಹೊಳೆ ನೋಡಿದೆ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ತುಂಬಿಕೊಂಡು, ಹಾಯುವ ಜಾಗ ಎಲ್ಲಿತ್ತೆಂಬ ಗುರುತೇ ಉಳಿದಿಲ್ಲ. ನಮ್ಮ ಆಟಕ್ಕೆ ಬೇಕಾದದ್ದು ಆ ಜಾಗವೇ. ಬಿಜಾಪುರದಲ್ಲೇ ಕುಳಿತು ಚರಿತ್ರೆ ಬರೆದ ಫೆರಿಷ್ತಾನ ಪ್ರಕಾರ, ಹಾಯುವ ಕಡೆ ರಾಮರಾಯನ ಪಡೆ ಕಾವಲಿದ್ದುದರಿಂದ ಸುಲ್ತಾನರು ಬೇರೆ ದಾರಿ ಹುಡುಕುವವರಂತೆ ದಂಡೆಗುಂಟ ನಡೆದರು. ಆಚೆ ದಂಡೆಯಲ್ಲಿ ವಿಜಯನಗರದ ಪಡೆಯೂ ಅವರಿಗೆ ಸರಿಯಾಗಿ ನಡೆಯಿತು. ಕೊನೆಗೆ ಸುಲ್ತಾನರು ಥಟ್ಟನೆ ಹಿಂದಿರುಗಿ, ಈಗ ಕಾವಲು ತಪ್ಪಿದ್ದ ಆ ಮೊದಲಿನ ಜಾಗದಲ್ಲೇ ಹೊಳೆ ದಾಟಿದರು.

ಇದನ್ನು ನಿನ್ನ ಮೇಲೆ ಹೇಗೆ ಆಡಲಿ? ನಿನಗೆ ಕಥೆ ಗೊತ್ತಿದೆ, ನೀನು ಮೊದಲ ಜಾಗ ಬಿಟ್ಟು ಕದಲುವುದಿಲ್ಲ. ಅದಕ್ಕೆ ಮೂರು ಕಡವುಗಳನ್ನು ಇಟ್ಟಿದ್ದೇನೆ. ಯಾವುದರಲ್ಲಿ ತೋಪು ದಾಟುವಷ್ಟು ಗಟ್ಟಿ ತಳವಿದೆ ಎಂಬುದು ಮುಚ್ಚಿದ ಚೀಟಿಯಲ್ಲಿರುತ್ತದೆ. ಮೊದಲ ಮೂರು ಸರದಿ ಹಲಗೆಯ ಮೇಲೆ ಒಬ್ಬ ಸೈನಿಕನೂ ಇರುವುದಿಲ್ಲ. ಇಬ್ಬರೂ ನಕ್ಷೆಯ ಮೇಲೆ ಮಾತ್ರ ನಡೆಯುತ್ತೇವೆ. ಚರಿತ್ರೆ ಓದಿದವನಿಗೂ ರಾತ್ರಿ ನಿದ್ದೆ ಬರಬಾರದು.

ಇನ್ನು ತೋಪುಗಳು. ಅಹಮದ್‌ನಗರದ ಹುಸೇನ್ ನಿಜಾಮ್ ಶಾಹ ನಡುವೆ ನಿಂತಿದ್ದ. ಅವನ ಮುಂದೆ ಸಾಲಿಗೆ ಇನ್ನೂರರಂತೆ ಮೂರು ಸಾಲುಗಳಲ್ಲಿ ಆರುನೂರು ತೋಪುಗಳಿದ್ದವು, ಅವುಗಳನ್ನು ಮರೆಮಾಡಲು ಎರಡು ಸಾವಿರ ಬಿಲ್ಲುಗಾರರು ಮುಂದೆ ನಿಂತಿದ್ದರು ಎಂದು ಫೆರಿಷ್ತಾ ಬರೆಯುತ್ತಾನೆ. ನನ್ನ ಒಂದು ತೋಪಿನ ಬೊಂಬೆ ಐವತ್ತಕ್ಕೆ ಸಮ, ಒಟ್ಟು ಹನ್ನೆರಡು. ಹತ್ತಿರ ಬಂದವರ ಮೇಲೆ ತಾಮ್ರದ ನಾಣ್ಯಗಳನ್ನು ತುಂಬಿ ಹಾರಿಸಿದರಂತೆ. ಆ ಒಂದು ಏಟಿಗೆ ಮೂರು ದಾಳ ಕೊಟ್ಟಿದ್ದೇನೆ, ಒಂದೇ ಸಲ. ಬಿಜಾಪುರದ ಕೋಟೆಯ ಮೇಲಿನ ಆ ದೊಡ್ಡ ತೋಪು ಮಲಿಕ್‌-ಎ-ಮೈದಾನವೂ ಇರಲಿ ಎಂದು ನೀನು ಕೇಳುತ್ತೀಯ, ಗೊತ್ತು. 1549ರಲ್ಲಿ ಅಹಮದ್‌ನಗರದಲ್ಲೇ ಎರಕ ಹೊಯ್ದದ್ದು, ನಿಜ. ಆದರೆ ನಿನ್ನೆ ಷೆರ್ಜಾ ಬುರುಜಿನ ಮೇಲೆ ನಿಂತು ಮತ್ತೆ ನೋಡಿ ಬಂದೆ. ತೋಪಿನ ಬಾಯಲ್ಲಿ ಸಿಂಹದ ದವಡೆಗಳ ನಡುವೆ ಸಿಕ್ಕ ಆ ಆನೆ. ತೋಪೋ ಹದಿನಾಲ್ಕು ಅಡಿಗೂ ಮಿಕ್ಕ ಉದ್ದ, ಐವತ್ತೈದು ಟನ್ ತೂಕ. ಅದನ್ನು ಹೊಳೆ ದಾಟಿಸುವ ನಿಯಮ ಬರೆಯಲು ನನಗೆ ಮನಸ್ಸಾಗಲಿಲ್ಲ.

ಯುದ್ಧದ ನಡುವೆ ಇಬ್ಬರು ಸರದಾರರು ರಾಮರಾಯನಿಗೆ ಕೈಕೊಟ್ಟರೆಂಬ ಮಾತನ್ನೂ ಬಿಟ್ಟಿದ್ದೇನೆ. ಎರಡು ವರ್ಷಗಳ ನಂತರ ವಿಜಯನಗರಕ್ಕೆ ಬಂದ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್ ಅದನ್ನು ಬರೆದಿದ್ದಾನೆ. ದಾಳದ ಒಂದು ಉರುಳಿಗೆ ನಿನ್ನ ದಳ ನನ್ನದಾಗುವುದು ನನಗೆ ಬೇಡ. ರಾಮರಾಯ ಸೆರೆಸಿಕ್ಕರೂ ಅವನ ತಮ್ಮ ತಿರುಮಲನ ದಳ ದಕ್ಷಿಣದ ಅಂಚು ದಾಟಿ ಪೆನುಕೊಂಡೆಯ ದಾರಿ ಹಿಡಿದರೆ ನಿನಗೆ ಅರ್ಧ ಗೆಲುವು.

ನಾನು ಸಿಕ್ಕಿಕೊಂಡದ್ದು ಇದಾವುದರಲ್ಲೂ ಅಲ್ಲ.

ಯುದ್ಧಕ್ಕೆ ಮುಂಚಿನ ವರ್ಷಗಳಿಗೆಂದು ಒಂದಷ್ಟು ಚೀಟಿಗಳನ್ನು ಮಾಡುತ್ತಿದ್ದೆ. ಬಿಜಾಪುರ ಯಾವ ಕಡೆ ವಾಲುತ್ತದೆ ಎಂಬುದನ್ನು ಅವು ತೀರ್ಮಾನಿಸುತ್ತವೆ. ಬಿಜಾಪುರದ ಸುಲ್ತಾನ ಅಲಿ ಆದಿಲ್ ಶಾಹನೊಡನೆ ಹುಸೇನನ ಮಗಳು ಚಾಂದಬೀಬಿಯ ಮದುವೆಗೆ ಒಂದು ಚೀಟಿ, ಜೊತೆಗೆ ಬಳುವಳಿಯಾಗಿ ಬಂದ ಸೋಲಾಪುರದ ಕೋಟೆ. (ಸೋಲಾಪುರ ಎಂದೊಡನೆ ನೀನು ಆ ಕಥೆ ಎತ್ತಬೇಡ, ಇಲ್ಲಿ ಹಿರಿಯರೂ ಓದುತ್ತಾರೆ.) ಇನ್ನೊಂದು ಚೀಟಿ ಅಲಿ ಆದಿಲ್ ಶಾಹ ವಿಜಯನಗರಕ್ಕೆ ಹೋಗಿಬಂದದ್ದರದು. ರಾಮರಾಯನ ಮಗ ತೀರಿಕೊಂಡಿದ್ದ. ಹರೆಯದ ಈ ಸುಲ್ತಾನ ನೂರೇ ಸವಾರರೊಡನೆ ಸಮಾಧಾನ ಹೇಳಲು ಹೋದ. ರಾಮರಾಯನ ಹೆಂಡತಿ ಅವನನ್ನು ಮಗನೆಂದು ಕರೆದಳು. ಆದರೆ ಅವನು ಹೊರಟಾಗ ರಾಮರಾಯ ಊರ ಹೊರಗಿನವರೆಗೆ ಬಂದು ಬೀಳ್ಕೊಡಲಿಲ್ಲ. ಆ ನೋವನ್ನು ಅಲಿ ಮನಸ್ಸಿನಲ್ಲಿಟ್ಟುಕೊಂಡ ಎಂದು ಫೆರಿಷ್ತಾ ಬರೆದಿದ್ದಾನೆ. ಇಷ್ಟಕ್ಕೇ ಯುದ್ಧವಾಯಿತೆಂದು ಯಾರೂ ಹೇಳಲಾರರು. ಕೋಟೆಗಳಿದ್ದವು, ಸೀಮೆಗಳಿದ್ದವು, ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿದ ಇಪ್ಪತ್ತು ವರ್ಷಗಳಿದ್ದವು. ಆದರೂ ಆ ಚೀಟಿಯ ಮೇಲೆ ಪೆನ್ನು ಹಿಡಿದು ಕುಳಿತವನು ರಾತ್ರಿ ಹನ್ನೊಂದಾದರೂ ಒಂದು ಅಕ್ಷರ ಬರೆಯಲಿಲ್ಲ.

ಅಪ್ಪ ಹೋದ ಮರುದಿನ ನೀನು ಬಂದೆ. ಮೂರು ದಿನ ಇದ್ದೆ. ಪೆಂಡಾಲಿನವರ ಲೆಕ್ಕ, ಬಂದವರ ಊಟ, ಎಲ್ಲವನ್ನೂ ನೀನೇ ನೋಡಿಕೊಂಡೆ. ಅಪ್ಪನ ಔಷಧಿ ಚೀಟಿಗಳು ಎಲ್ಲಿವೆ ಎಂದು ಯಾರೋ ಕೇಳಿದಾಗ ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು, ದೇವರ ಗೂಡಿನ ಕೆಳಗಿನ ಡಬ್ಬಿಯಲ್ಲಿ. ಭಾನುವಾರಕ್ಕೊಮ್ಮೆ ಅಪ್ಪ ನಿನ್ನೊಡನೆ ಫೋನಿನಲ್ಲಿ ಮಾತಾಡುತ್ತಿದ್ದನೆಂದು ನನಗೆ ತಿಳಿದದ್ದೇ ಆಗ. ಅದೇ ಮನೆಯಲ್ಲಿದ್ದವನು ನಾನು. ಆ ರಾತ್ರಿ ಅವ್ವ ನಿನ್ನ ತಟ್ಟೆಗೆ ರೊಟ್ಟಿ ಹಾಕುತ್ತ ನೀನೂ ನನ್ನ ಮಗನೇ ಎಂದಳು. ನಾನು ಎದ್ದು ಕೈ ತೊಳೆದುಕೊಂಡೆ.

ಮರುದಿನ ಬೆಳಗಿನ ಐದೂವರೆಯ ಬಸ್ಸು ನಿನ್ನದು. ಕತ್ತಲಲ್ಲಿ ನೀನು ಚಪ್ಪಲಿ ಹುಡುಕುವ ಸದ್ದು ಕೇಳಿಸಿತು. ನನ್ನ ನಿದ್ದೆ ಕೆಡದಿರಲೆಂದು ನೀನು ಚಿಲಕವನ್ನು ಮೆಲ್ಲಗೆ ಎಳೆದುಕೊಂಡದ್ದೂ ಕೇಳಿಸಿತು. ನಾನು ಎಚ್ಚರವಾಗಿದ್ದೆ, ದಳವಾಯಿ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಬಸ್ ನಿಲ್ದಾಣ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ.

ಅಲ್ಲಿಂದ ಈಚೆಗೆ ನಾವು ಬಣ್ಣ, ಅಂಟು, ನಿಯಮ, ದಾಳ ಇವುಗಳನ್ನು ಬಿಟ್ಟು ಬೇರೆ ಮಾತಾಡಿಲ್ಲ. ನೀನು ಒಮ್ಮೆಯೂ ಕೇಳಲಿಲ್ಲ. ನಿನಗೊಬ್ಬನಿಗೇ ಬರೆದರೆ ಕಳುಹಿಸದೆ ಅಳಿಸಿಬಿಡುತ್ತೇನೆಂದು ಎಲ್ಲರೂ ಓದುವಂತೆ ಬರೆಯಲು ಕುಳಿತೆ. ಇಷ್ಟು ಬರೆಯುತ್ತೇನೆಂದು ಅಂದುಕೊಂಡಿರಲಿಲ್ಲ. ತಪ್ಪಾಯಿತು.

ಇರಲಿ, ಹೊಳೆಗೆ ಮರಳೋಣ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ. ಜಾತ್ರೆಗೇ ಬಂದುಬಿಡು, ಇಪ್ಪತ್ಮೂರರವರೆಗೆ ಇರು. ಹೊಲದಲ್ಲಿ ಜೋಳದ ತೆನೆ ಹಾಲುಗಟ್ಟುತ್ತಿದೆ, ನೀನು ಬರುವಷ್ಟರಲ್ಲಿ ಸೀತನಿ ಸುಡಲು ಹದವಾಗಿರುತ್ತದೆ. ಅವ್ವ ಶೇಂಗಾ ಚಟ್ನಿ ಈಗಲೇ ಕುಟ್ಟಿಟ್ಟಿದ್ದಾಳೆ, ನಿನ್ನ ಹೆಸರು ಹೇಳಿ. ನಾಲ್ಕನೆಯ ಆನೆಯನ್ನು ಹತ್ತಿಯಲ್ಲಿ ಸುತ್ತಿ ತಾ, ಹೋದ ಸಲದಂತೆ ಜೇಬಿನಲ್ಲಿ ಅಲ್ಲ. ರಾಮರಾಯನ ಪಲ್ಲಕ್ಕಿಗೆ ಇನ್ನೂ ಇಬ್ಬರು ಬೋಯಿಗಳು ಬೇಕು, ನಿನ್ನ ಪೆಟ್ಟಿಗೆಯಲ್ಲಿದ್ದರೆ ನೋಡು.

ಬರುವ ಬಸ್ಸಿನ ಸಮಯ ತಿಳಿಸು. ಹೋಗುವ ಬಸ್ಸಿನದನ್ನೂ.

ಈಚೆ ದಂಡೆಯಿಂದ,
ನಿನ್ನವನು