ಕೋಚ್ ಆಗಲು ಹೊರಟ ಕೂಸಿಗೆ

ಬದಿಯಡ್ಕ

ಪ್ರೀತಿಯ ಕೂಸೇ,

ರಾಜೀನಾಮೆ ಇನ್ನೂ ಕೊಟ್ಟಿಲ್ಲ ಅಲ್ವಾ? ಕೊಟ್ಟಿಲ್ಲ ಅಂದರೆ ಸದ್ಯಕ್ಕೆ ಕೊಡಬೇಡ. ಕೋಚಿಂಗ್, ಅಂದರೆ ಕೆಲಸದಲ್ಲಿರುವವರ ಎದುರು ಕೂತು ಪ್ರಶ್ನೆ ಕೇಳಿ ಅವರ ದಾರಿ ಅವರೇ ಕಂಡುಕೊಳ್ಳುವ ಹಾಗೆ ಮಾಡುವ ಈ ಕಸುಬು, ಬೇಡ ಅಂತ ನಾನು ಹೇಳುತ್ತಿಲ್ಲ. ಅದನ್ನು ಹೇಳಲು ನಿನ್ನ ಅಪ್ಪ ಇದ್ದಾನೆ. ತಿಂಗಳ ಕೊನೆಗೆ ಸಂಬಳ ಬಾರದ ಯಾವ ಕೆಲಸವೂ ಅವನಿಗೆ ಕೆಲಸವಲ್ಲ, ಅಡಿಕೆ ತೋಟ ಒಂದನ್ನು ಬಿಟ್ಟು. "ಎಐ ಬಂದಮೇಲೆ ನಾವು ಕೋಚ್‌ಗಳು ಉಳಿಯುತ್ತೇವಾ ಅತ್ತೆ?" ಅಂತ ನೀನು ಕೇಳಿದೆಯಲ್ಲ, ಅದಕ್ಕೆ ಫೋನಿನಲ್ಲಿ ಉತ್ತರ ಹೇಳಲು ಹೋದರೆ ಅರ್ಧ ಮಾತು ನೆಟ್‌ವರ್ಕಿಗೇ ಹೋಗುತ್ತದೆ, ನಮ್ಮ ಗುಡ್ಡದ ಅಡಿಯ ಕಥೆ ನಿನಗೆ ಗೊತ್ತೇ ಇದೆ. ಅದಕ್ಕೆ ಬರೆಯುತ್ತಿದ್ದೇನೆ.

ಉಳಿಯುತ್ತೀರಿ, ಆದರೆ ಎಲ್ಲರೂ ಉಳಿಯುವುದಿಲ್ಲ. ಈಗ ಕೋಚಿಂಗ್ ಅಂತ ಮಾರುವುದರಲ್ಲಿ ದೊಡ್ಡ ಪಾಲನ್ನು ಯಂತ್ರ ತೆಗೆದುಕೊಳ್ಳುತ್ತದೆ.

ನೀನು ಕಳಿಸಿದ ತರಬೇತಿಯ ಕಾಗದಗಳನ್ನು ಓದಿದೆ. ಗುರಿ ಏನು, ಈಗ ಎಲ್ಲಿದ್ದೀರಿ, ಯಾವ ಯಾವ ದಾರಿ ಇದೆ, ಅದರಲ್ಲಿ ಯಾವುದನ್ನು ಮಾಡುತ್ತೀರಿ. ಗ್ರೋ ಮಾದರಿ ಅಂತಾರಂತೆ, ಬ್ರಿಟನ್ನಿನ ಜಾನ್ ವಿಟ್‌ಮೋರ್ 1990ರ ದಶಕದಲ್ಲಿ ಅದನ್ನು ಎಲ್ಲ ಕಡೆ ಹಬ್ಬಿಸಿದರು. ಒಳ್ಳೆಯ ಮಾದರಿ. ಆದರೆ ಆ ನಾಲ್ಕು ಪ್ರಶ್ನೆಗಳನ್ನು ಬೇಸರವಿಲ್ಲದೆ, ರಾತ್ರಿ ಎರಡು ಗಂಟೆಗೂ, ಪ್ರತಿ ಸೋಮವಾರ ನೆನಪಿಸಿ ಕೇಳುವುದಕ್ಕೆ ಮನುಷ್ಯರೇ ಬೇಕು ಅಂತ ಏನಿದೆ? 2022ರಲ್ಲಿ ದಕ್ಷಿಣ ಆಫ್ರಿಕಾದ ನಿಕಿ ಟರ್ಬ್ಲಾಂಶ್ ಮತ್ತು ಅವರ ಜೊತೆಯವರು ಪ್ಲೋಸ್ ಒನ್ ಪತ್ರಿಕೆಯಲ್ಲಿ ಇದನ್ನೇ ಪರೀಕ್ಷೆ ಮಾಡಿ ಬರೆದರು. ಕೆಲವರಿಗೆ ಮನುಷ್ಯ ಕೋಚ್, ಕೆಲವರಿಗೆ ಚಾಟ್‌ಬಾಟ್, ಉಳಿದವರಿಗೆ ಏನೂ ಇಲ್ಲ. ತಿಂಗಳುಗಟ್ಟಲೆ ನಡೆಸಿ ಕೊನೆಗೆ ನೋಡಿದರೆ, ತಾವು ಇಟ್ಟುಕೊಂಡ ಗುರಿ ಮುಟ್ಟುವುದರಲ್ಲಿ ಚಾಟ್‌ಬಾಟಿನವರು ಮನುಷ್ಯ ಕೋಚ್‌ ಇದ್ದವರಿಗೆ ಸರಿಸಮವಾಗಿದ್ದರು, ಏನೂ ಇಲ್ಲದವರಿಗಿಂತ ಇಬ್ಬರೂ ಮುಂದಿದ್ದರು. ಅದೂ ಎಂಥ ಚಾಟ್‌ಬಾಟ್? ಚಾಟ್‌ಜಿಪಿಟಿ ಜನರ ಕೈಗೆ ಬಂದದ್ದು 2022ರ ನವೆಂಬರ್ 30ಕ್ಕೆ, ಈ ಬಾಟ್ ಅದಕ್ಕಿಂತ ಮೊದಲಿನದು, ಈಗಿನವುಗಳ ಮುಂದೆ ತೀರಾ ಸಾದಾ. ನಿಮ್ಮ ಕೋಚ್‌ಗಳ ಗುಂಪಿನಲ್ಲಿ "ಮನುಷ್ಯನ ಸ್ಪರ್ಶಕ್ಕೆ ಸಾಟಿ ಇಲ್ಲ" ಅಂತ ಸುಮ್ನೆ ಹೂವಿನ ಚಿತ್ರ ಹಾಕಿ ಹಂಚುವವರು ಇದನ್ನು ಒಮ್ಮೆ ಓದಲಿ.

ಆದರೆ ನೀನು ಅಧ್ಯಯನದ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೋ. ತಾವು ಇಟ್ಟುಕೊಂಡ ಗುರಿ. ಗುರಿ ಮೊದಲೇ ಮೇಜಿನ ಮೇಲೆ ಇತ್ತು. ಅದು ಸರಿಯಾದ ಗುರಿಯೇ ಅಂತ ಕೇಳುವ ಕೆಲಸ ಆ ಪರೀಕ್ಷೆಯಲ್ಲಿ ಇರಲಿಲ್ಲ.

ಸಹಕಾರಿ ಬ್ಯಾಂಕಿನಲ್ಲಿ ಸಾಲದ ಮೇಜಿನ ಹಿಂದೆ ಕೂತವಳು ನಾನು. ಬಂದವರು ಹೇಳುವ ಕಾರಣ ಒಂದು, ಬಂದ ಕಾರಣ ಇನ್ನೊಂದು, ಅಲ್ಲಿ ಕೂತ ಯಾರಿಗಾದರೂ ಇದು ಗೊತ್ತು. ಒಬ್ಬರು ಬರುತ್ತಿದ್ದರು, ಸ್ವಲ್ಪ ಅಡಿಕೆ ತೋಟ, ಬೋರ್‌ವೆಲ್ ತೆಗೆಸಲು ಸಾಲ ಬೇಕು ಅಂತ. ತೆರಿಗೆ ರಶೀದಿ, ಜಾಗದ ದಾಖಲೆ, ಜಾಮೀನು, ಎಲ್ಲ ಸರಿ ಇತ್ತು. ಪ್ರತಿ ಸಲ ಮಗನ ಬೈಕಿನಲ್ಲೇ ಬರುವುದು. ಮಗ ಒಳಗೆ ಬರುತ್ತಿರಲಿಲ್ಲ, ಹೊರಗೆ ಬೈಕಿನ ಮೇಲೆ ಕೂತು ಮೊಬೈಲ್ ನೋಡುತ್ತಿದ್ದ. ಸಹಿ ಹಾಕುವ ದಿನ ಇವರು ಪೆನ್ನು ಹಿಡಿದುಕೊಂಡು ಮಳೆ, ಕೊಳೆರೋಗ, ಮದ್ದು ಬಿಡಲು ಆಳು ಸಿಗದ್ದು ಅಂತ ಅದೂ ಇದೂ ಮಾತಾಡುತ್ತಾ ಇದ್ದವರು ಎಲ್ಲೋ ಮಧ್ಯದಲ್ಲಿ ಕನ್ನಡ ಬಿಟ್ಟು ತುಳುವಿಗೆ ಹೊರಳಿದರು. ಬ್ಯಾಂಕಿನ ವ್ಯವಹಾರ ಕನ್ನಡದಲ್ಲಿ, ಮನೆಯ ವಿಷಯ ತುಳುವಿನಲ್ಲಿ, ಅವರದ್ದು ಹಾಗೆ. ನಾನೂ ತುಳುವಿನಲ್ಲೇ ಕೇಳಿದೆ, "ಮಗೆ ದಾದ ಪನ್ಪೆ?" ಮಗ ಏನು ಹೇಳುತ್ತಾನೆ ಅಂತ, ಅಷ್ಟೇ. ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಮಗನಿಗೆ ಕತಾರಿನ ವೀಸಾ ಬಂದಿದೆಯಂತೆ, ತೋಟ ಬೇಡ ಅನ್ನುತ್ತಾನಂತೆ, ನೀರು ಆದರೆ ಮನಸ್ಸು ಬದಲಾಯಿಸಿಯಾನು ಅಂತ ಇವರ ಲೆಕ್ಕ. ಅವತ್ತು ಸಹಿ ಹಾಕದೆ ಹೋದರು. ಒಳ್ಳೆಯ ಸಾಲ ಒಂದು ತಪ್ಪಿಸಿದೆ ಅಂತ ಸೆಕ್ರೆಟರಿ ನನ್ನ ಮೇಲೆ ಒಂದು ವಾರ ಮುಖ ಗಂಟಿಕ್ಕಿದ್ದರು, ಅದು ಬೇರೆ ಕಥೆ.

ಅದೇ ಮನುಷ್ಯ ಎಐ ಹತ್ತಿರ ಬೋರ್‌ವೆಲ್ ಸಾಲದ ಬಗ್ಗೆ ಕೇಳಿದ್ದರೆ ಬಡ್ಡಿ, ಕಂತು, ಬೇಕಾದ ಕಾಗದ ಎಲ್ಲ ನನಗಿಂತ ಚೆನ್ನಾಗಿ ಹೇಳುತ್ತಿತ್ತು. ತುಳುವಿನಲ್ಲಿ ಕೂಡ ಹೇಳಬಹುದು, ಇವತ್ತಲ್ಲದಿದ್ದರೆ ನಾಳೆ. ಬೈಕಿನ ಮೇಲೆ ಕೂತವನು ಅದಕ್ಕೆ ಕಾಣುವುದಿಲ್ಲ, ಕಂಡರೂ ಕೇಳದ ವಿಷಯಕ್ಕೆ ಕೈ ಹಾಕುವುದು ಕಡಿಮೆ.

ಇನ್ನೊಂದು, ಅದು ತಲೆ ಆಡಿಸುವುದು ಜಾಸ್ತಿ. ನಿನ್ನ ದೊಡ್ಡಮ್ಮನ ಮಗ ಶಾರ್ಜಾದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಅದರ ಹತ್ತಿರ ಮಾತಾಡುತ್ತಾನೆ. ಅದನ್ನು ನಾನು ತಮಾಷೆ ಮಾಡುವುದಿಲ್ಲ, ರೂಮಿನಲ್ಲಿ ಉಳಿದವರು ಮಲಗಿರುವಾಗ ಅವನ ಮಾತು ಕೇಳಲು ಇನ್ಯಾರಿದ್ದಾರೆ? ಊರಿಗೆ ವಾಪಸ್ ಬರುವುದು ಸರಿಯೇ ಅಂತ ಕೇಳಿದನಂತೆ, ಧೈರ್ಯದ ನಿರ್ಧಾರ ಅಂತ ಹೊಗಳಿ ಯೋಜನೆ ಹಾಕಿಕೊಟ್ಟಿತಂತೆ. ಮಾರನೇ ದಿನ ಬೇಕಂತಲೇ, ಇಲ್ಲ ಇಲ್ಲೇ ಇರುತ್ತೇನೆ ಅಂದನಂತೆ, ಅದಕ್ಕೂ ಬಹಳ ಪ್ರಬುದ್ಧ ನಿರ್ಧಾರ ಅಂತ ಇನ್ನೊಂದು ಯೋಜನೆ. ಅವನೇ ನಗುತ್ತ ಹೇಳಿದ್ದು. ಇದು ಅವನೊಬ್ಬನ ಅನುಭವ ಅಂದುಕೊಳ್ಳಬೇಡ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಕಂಪನಿಯವರು ಚಾಟ್‌ಜಿಪಿಟಿಗೆ ಮಾಡಿದ ಒಂದು ಬದಲಾವಣೆಯಿಂದ ಅದು ಮಿತಿಮೀರಿ ಹೊಗಳತೊಡಗಿತು ಅಂತ ಒಪ್ಪಿ ಆ ಬದಲಾವಣೆಯನ್ನೇ ಹಿಂದಕ್ಕೆ ತೆಗೆದುಕೊಂಡರು. ಕೇಳುವವರಿಗೆ ಖುಷಿಯಾಗುವ ಹಾಗೆ ಮಾತಾಡಿದರೆ ಅವರು ಮತ್ತೆ ಬರುತ್ತಾರೆ, ಹಾಗಾಗಿ ಆ ಚಟ ಪೂರ್ತಿ ಹೋಗುತ್ತದೆ ಅಂತ ನನಗೆ ನಂಬಿಕೆ ಇಲ್ಲ. ಕೋಚ್‌ಗಳಲ್ಲೂ ಈ ಚಟದವರು ಬೇಕಾದಷ್ಟು ಇದ್ದಾರೆ, ಅವರ ಜಾಗ ಮೊದಲು ಹೋಗುತ್ತದೆ, ಯಾಕೆಂದರೆ ಅದನ್ನು ಯಂತ್ರ ಅಗ್ಗದಲ್ಲಿ ಮಾಡುತ್ತದೆ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ, ಇಲ್ಲಿ ಸ್ವಲ್ಪ ತಾಳ್ಮೆಯಿಂದ ಓದು.

ಕೋಚ್‌ಗಳ ಅಂತರರಾಷ್ಟ್ರೀಯ ಸಂಸ್ಥೆ ಐಸಿಎಫ್‌ನ ಮೊದಲ ಪ್ರಮಾಣಪತ್ರಕ್ಕೆ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಮಾಡಿದ ಅನುಭವ ಬೇಕು, ಅದರ ಮೇಲಿನದಕ್ಕೆ 500 ಗಂಟೆ. ತರಬೇತಿ ದುಡ್ಡು ಕೊಟ್ಟರೆ ಸಿಗುತ್ತದೆ. ಈ ಗಂಟೆಗಳು ಎಲ್ಲಿಂದ ಬರಬೇಕು? ಇಷ್ಟು ದಿನ ಹೊಸ ಕೋಚ್‌ಗಳಿಗೆ ಸಿಗುತ್ತಿದ್ದದ್ದು ಹೊಸದಾಗಿ ಮ್ಯಾನೇಜರ್ ಆದವರು, ಕೆಲಸಕ್ಕೆ ಸೇರಿ ಮೂರು ನಾಲ್ಕು ವರ್ಷ ಆದವರು. ಕಂಪನಿಗಳು ಎಐ ಕೋಚ್ ಕೊಡುವುದು ಮೊದಲು ಇವರಿಗೇ. ದೊಡ್ಡ ಸಾಹೇಬರಿಗೆ ಮನುಷ್ಯನೇ ಇರಲಿ ಅಂತಾರೆ, ಆದರೆ ದೊಡ್ಡ ಸಾಹೇಬರು ಹೊಸ ಕೋಚ್ ಹತ್ತಿರ ಬರುವುದಿಲ್ಲ. ಬೆಟರ್‌ಅಪ್, ಕೋಚ್‌ಹಬ್ ಅಂಥವರು ಮನುಷ್ಯ ಕೋಚ್‌ಗಳನ್ನು ಆನ್‌ಲೈನಿನಲ್ಲಿ ಕೂರಿಸಿ ಬೆಳೆದವರು, ಈಗ ಅವರೇ ಎಐ ಕೋಚ್ ಕೂಡ ಮಾರುತ್ತಿದ್ದಾರೆ. ಐಸಿಎಫ್‌ನ 2023ರ ಅಧ್ಯಯನದ ಪ್ರಕಾರ ಪ್ರಪಂಚದಲ್ಲಿ ಸುಮಾರು 1,09,200 ಕೋಚ್‌ಗಳು ಇದ್ದರು, ಲೈಸೆನ್ಸ್ ಬೇಡದ ಉದ್ಯೋಗ, ಬೋರ್ಡು ಹಾಕಿದವರೆಲ್ಲ ಕೋಚ್. ಹಳಬರು ಹೇಗೋ ಇರುತ್ತಾರೆ. ಕಷ್ಟ ನಿನ್ನಂಥ ಹೊಸಬರಿಗೆ. ಅದಕ್ಕೇ ಕೆಲಸದಲ್ಲಿ ಇದ್ದುಕೊಂಡೇ ಆ ಗಂಟೆಗಳನ್ನು ಮುಗಿಸು ಅನ್ನುವುದು. ವಾರದ ಕೊನೆಗೆ, ಸಂಜೆಗೆ, ಫೀಸು ಕಡಿಮೆ ಆದರೂ ಪರವಾಗಿಲ್ಲ.

ಆಮೇಲೆ ಫೀಸನ್ನು ಗಂಟೆಗೆ ಇಷ್ಟು ಅಂತ ಬಹಳ ಕಾಲ ಇಡಲು ಆಗುವುದಿಲ್ಲ. ನಮ್ಮಲ್ಲಿ ಅಡಿಕೆ ಸುಲಿಯುವ ಯಂತ್ರ ಬಂದಾಗ ಕಿಲೋ ಲೆಕ್ಕದಲ್ಲಿ ಸುಲಿಯುತ್ತಿದ್ದವರು ಕೂತಲ್ಲೇ ಕೆಲಸ ಕಳೆದುಕೊಂಡರು, ಪಟೋರ ಯಾವುದು ಕರಿಗೋಟು ಯಾವುದು ಅಂತ ಅಡಿಕೆಯ ದರ್ಜೆಯನ್ನು ಕಣ್ಣಳತೆಯಲ್ಲಿ ಬೇರೆ ಮಾಡುವವರನ್ನು ಮನೆಗೆ ಬಂದು ಕರೆದರು. ನಿನ್ನ ಕಸುಬಿನಲ್ಲೂ ಯಾವುದಕ್ಕೆ ಕರೆದು ಕೊಡುತ್ತಾರೆ ಅಂತ ನೋಡಿಕೋ.

ನನಗೆ ಕಂಡ ಮಟ್ಟಿಗೆ ಅದು ಮೂವರ ನಡುವಿನ ಜಾಗ. ದುಡ್ಡು ಕೊಡುವುದು ಕಂಪನಿ, ನಿನ್ನ ಎದುರು ಕೂರುವುದು ಅದರ ನೌಕರ, ಮಧ್ಯದಲ್ಲಿ ನೀನು. ಕಂಪನಿ ಕೊಟ್ಟ ಲಾಗಿನ್‌ನಲ್ಲಿ, ಕಂಪನಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಎಐ ಕೋಚ್ ತೆರೆದು "ನನ್ನ ಮ್ಯಾನೇಜರ್ ಜೊತೆ ಇನ್ನು ಒಂದು ದಿನ ಆಗುವುದಿಲ್ಲ" ಅಂತ ಯಾರು ಬರೆಯುತ್ತಾರೆ ಹೇಳು? ಯಾರೂ ನೋಡುವುದಿಲ್ಲ, ಒಟ್ಟಾರೆ ಲೆಕ್ಕ ಮಾತ್ರ ಎಚ್‌ಆರ್‌ಗೆ ಹೋಗುತ್ತದೆ ಅಂತ ಎಷ್ಟು ಹೇಳಿದರೂ ಬರೆಯುವುದಿಲ್ಲ. ನೀನೇ ಎಚ್‌ಆರ್‌ನಲ್ಲಿ ಇರುವವಳು, ನನಗಿಂತ ನಿನಗೆ ಗೊತ್ತು. ಅವರು ಬರೆಯುವುದು "ಟೈಮ್ ಮ್ಯಾನೇಜ್‌ಮೆಂಟ್ ಸುಧಾರಿಸಬೇಕು" ಅಂತ. ಯಂತ್ರ ಪಾಪ ನಂಬಿ ಟೈಮ್ ಮ್ಯಾನೇಜ್‌ಮೆಂಟ್ ಕಲಿಸುತ್ತದೆ. ಅವರು ಕಲಿತೂ ಕಲಿಯುತ್ತಾರೆ, ಆರು ತಿಂಗಳಿಗೆ ಕೆಲಸ ಬಿಟ್ಟು ಹೋಗುತ್ತಾರೆ.

ಮನುಷ್ಯ ಕೋಚ್ ಬಂದ ಕೂಡಲೇ ಬಾಯಿ ಬಿಡುತ್ತಾರೆ ಅಂತಲ್ಲ. ನಿನ್ನನ್ನೂ ಕಂಪನಿಯ ಕಿವಿ ಅಂದುಕೊಳ್ಳುತ್ತಾರೆ. ಅದಕ್ಕೇ ಒಪ್ಪಂದದಲ್ಲಿ ಬರೆದಿರಬೇಕು, ಕಂಪನಿಗೆ ಏನು ಹೋಗುತ್ತದೆ, ಏನು ಹೋಗುವುದಿಲ್ಲ. ಎಷ್ಟು ಸಲ ಭೇಟಿಯಾಯಿತು ಅಂತ ಹೇಳಬಹುದು, ಏನು ಮಾತಾಡಿದೆವು ಅಂತ ಹೇಳುವುದಿಲ್ಲ, ಹೀಗೆ ಬಿಡಿಸಿ ಬರೆ. ಅದನ್ನು ಮೂವರೂ ಕೂತಿರುವಾಗಲೇ ಓದಿ ಹೇಳು, ಮ್ಯಾನೇಜರ್ ಮುಖ ಹೇಗಾಯಿತು ಅಂತ ನೋಡು, ಅರ್ಧ ಕಥೆ ಅಲ್ಲೇ ಗೊತ್ತಾಗುತ್ತದೆ. ಎಷ್ಟೋ ಸಲ ಬದಲಾಗಬೇಕಾದವರು ಆ ನೌಕರ ಆಗಿರುವುದೇ ಇಲ್ಲ, ಅವರನ್ನು ಕಳಿಸಿದವರು ಆಗಿರುತ್ತಾರೆ. ಅದನ್ನು ದುಡ್ಡು ಕೊಡುವವರ ಮುಖಕ್ಕೆ, ಅವರು ಮತ್ತೆ ಕರೆಯದೆ ಇರಬಹುದು ಅಂತ ಗೊತ್ತಿದ್ದೂ, ಮರ್ಯಾದೆಯಿಂದ ಹೇಳಲು ಬರಬೇಕು. ಇದನ್ನು ಯಾವ ತರಬೇತಿಯಲ್ಲಿ ಎಷ್ಟು ಕಲಿಸುತ್ತಾರೋ ಕಾಣೆ, ನಿನ್ನ ಕಾಗದಗಳಲ್ಲಿ ಒಂದೂವರೆ ಪುಟ ಇತ್ತು.

ಗುಟ್ಟಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಗಿರಾಕಿ ಹೇಳಿದ್ದನ್ನು ಹೆಸರು ಸಮೇತ ಚಾಟ್‌ಜಿಪಿಟಿಗೆ ಹಾಕಿ "ಮುಂದಿನ ಸಲ ಏನು ಕೇಳಲಿ" ಅಂತ ಕೇಳುವ ಅಭ್ಯಾಸ ನಿನ್ನ ಗೆಳತಿಗೆ ಇದೆ ಅಂದೆಯಲ್ಲ, ನೀನು ಮಾಡಬೇಡ. ಡಾಕ್ಟರ್, ವಕೀಲರ ಹತ್ತಿರ ಆಡಿದ ಮಾತಿಗಿರುವ ಕಾನೂನಿನ ರಕ್ಷಣೆ ಚಾಟ್‌ಜಿಪಿಟಿ ಜೊತೆಗಿನ ಮಾತಿಗೆ ಇಲ್ಲ ಅಂತ ಅದರ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಅವರೇ 2025ರ ಜುಲೈನಲ್ಲಿ ಹೇಳಿದ್ದಾರೆ. ಇಲ್ಲಿ ವಕೀಲರಿಗಿರುವಂಥ ರಕ್ಷಣೆ ಕೋಚ್‌ಗೂ ಇಲ್ಲ, ಅದೂ ನೆನಪಿರಲಿ. ನಮ್ಮ ದೇಶದಲ್ಲೂ ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರ ಕಾಯ್ದೆ ಇದೆ, ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಕಥೆ ಎಲ್ಲೆಲ್ಲೋ ತುಂಬಿಸುವ ಕಾಲ ಇದಲ್ಲ.

ಹಾಗಂತ ಯಂತ್ರವನ್ನು ಮುಟ್ಟಲೇಬೇಡ ಅನ್ನುವುದಿಲ್ಲ. ಗಿರಾಕಿಯ ಒಪ್ಪಿಗೆ ಬರಹದಲ್ಲಿ ತೆಗೆದುಕೊಂಡು ಒಂದು ಮಾತುಕತೆ ರೆಕಾರ್ಡ್ ಮಾಡು, ಅದನ್ನು ಬರಹಕ್ಕೆ ಇಳಿಸು, ನೀನು ಎಷ್ಟು ಮಾತಾಡಿದೆ ಅವರು ಎಷ್ಟು ಮಾತಾಡಿದರು ಅಂತ ನೋಡು. ಚಿಕ್ಕಂದಿನಿಂದ ನಿನ್ನನ್ನು ಬಲ್ಲೆ, ನಿನಗೇ ನಾಚಿಕೆ ಆಗುತ್ತದೆ. ಸಂಬಳ ಜಾಸ್ತಿ ಕೇಳುವ ಮಾತುಕತೆಯನ್ನು ಗಿರಾಕಿ ಮನೆಯಲ್ಲಿ ಕೂತು ಎಐ ಜೊತೆ ಅಭ್ಯಾಸ ಮಾಡಲಿ, ವಾರದ ನೆನಪೋಲೆ ಅದೇ ಕಳಿಸಲಿ, ಅದಕ್ಕೆಲ್ಲ ನೀನು ಬಿಲ್ ಹಾಕಬೇಡ.

ನಿನ್ನ ಹತ್ತಿರ ಬಂದವರು ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕು ಸಾಕು ಅಂದರೆ ಅದು ಕೋಚ್ ಕೆಲಸವಲ್ಲ, ಯಂತ್ರದ್ದಂತೂ ಅಲ್ಲವೇ ಅಲ್ಲ. ಡಾಕ್ಟರ ಹತ್ತಿರ ಕಳಿಸು, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಫೋನಿನಲ್ಲಿ ಇರಲಿ.

ಕನ್ನಡದಲ್ಲಿ ಕೋಚಿಂಗ್ ಮಾಡು ಅಂತ ಹೋದ ಸಲ ನಾನು ಹೇಳಿದಾಗ ನೀನು ನಕ್ಕಿದ್ದೆ. ಮಂಗಳೂರು, ಪುತ್ತೂರು, ಕಾಸರಗೋಡಿನಲ್ಲಿ ಅಪ್ಪನ ಅಂಗಡಿ, ಅಪ್ಪನ ಮಿಲ್ಲು ನಡೆಸುವ ಹುಡುಗರು ಹುಡುಗಿಯರು ಎಷ್ಟು ಜನ ಇದ್ದಾರೆ, ಲೆಕ್ಕಪತ್ರದ ಸಲಹೆಗೆ ಅವರಿಗೆ ಆಡಿಟರ್ ಇದ್ದಾರೆ, ಅಪ್ಪನ ಜೊತೆ ಹೇಗೆ ಮಾತಾಡಬೇಕು ಅಂತ ಕೇಳಲು ಯಾರೂ ಇಲ್ಲ. ನಿನಗೆ ಕನ್ನಡ, ತುಳು, ಮಲಯಾಳ ಮೂರೂ ಬರುತ್ತದೆ. ಇಂಗ್ಲಿಷಿನಲ್ಲಿ ಬೆಂಗಳೂರಿನ ಸಾವಿರ ಜನರ ಜೊತೆ ಯಾಕೆ ಗುದ್ದಾಡುತ್ತೀ? ಯೋಚನೆ ಮಾಡು, ಒತ್ತಾಯವಿಲ್ಲ.

ಕೋಚಿಂಗಿಗೆ ನಿನ್ನನ್ನು ಕರೆದ ಕಂಪನಿಯವರು ಕೊಟ್ಟ ಒಪ್ಪಂದದ ಕರಡನ್ನು ವಾಟ್ಸಾಪಿನಲ್ಲಿ ಫೋಟೋ ತೆಗೆದು ಕಳಿಸಬೇಡ, ನನ್ನ ಕಣ್ಣಿಗೆ ಆಗುವುದಿಲ್ಲ. ಪ್ರಿಂಟ್ ತೆಗೆದು ಅಂಚೆಯಲ್ಲಿ ಹಾಕು. ಸಾಲಪತ್ರ ಓದಿ ಓದಿ ಸಣ್ಣ ಅಕ್ಷರದ ಕಲಂ ಹುಡುಕುವ ಅಭ್ಯಾಸ ನನಗೆ ಇನ್ನೂ ಹೋಗಿಲ್ಲ. ನಾನು ನೋಡಿ ಹೇಳುವವರೆಗೆ ಸಹಿ ಹಾಕಬೇಡ.

ನಿನ್ನ ಅತ್ತೆ