ಗೀಸರ್ ಮತ್ತು ಸೋಲಾರ್ ವಾರ್ಷಿಕ ನಿರ್ವಹಣಾ ಒಪ್ಪಂದದ ಬದಲಾವಣೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ತಮ್ಮ ಮನೆಯ ಗೀಸರ್ ಅಥವಾ ಸೋಲಾರ್ ವಾಟರ್ ಹೀಟರಿನ ನಿರ್ವಹಣೆಗಾಗಿ ತಾವು ನಮ್ಮೊಂದಿಗೆ ಮಾಡಿಕೊಂಡಿರುವ ವಾರ್ಷಿಕ ಒಪ್ಪಂದದ ಸ್ವರೂಪವನ್ನು ಬರುವ ಆಗಸ್ಟ್ 1ರಿಂದ ಬದಲಾಯಿಸುತ್ತಿದ್ದೇವೆ. ಇದುವರೆಗೆ, ಕೆಟ್ಟಾಗ ಕರೆದರೆ ಬಂದು ಸರಿಪಡಿಸುವುದಷ್ಟೇ ಒಪ್ಪಂದದಲ್ಲಿತ್ತು. ಎಷ್ಟು ಸಲ ಕರೆದರೂ ಕೂಲಿ ಕೊಡಬೇಕಿರಲಿಲ್ಲ. ಇನ್ನು ಮುಂದೆ, ಯಂತ್ರ ಕೆಟ್ಟಿರಲಿ ಬಿಡಲಿ, ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬಳಸುವ ಮನೆಗಳಿಗೆ ವರ್ಷಕ್ಕೆ 2 ಬಾರಿ, ಕಾವೇರಿ ನೀರನ್ನಷ್ಟೇ ಬಳಸುವ ಮನೆಗಳಿಗೆ 1 ಬಾರಿ ನಮ್ಮ ಮೆಕ್ಯಾನಿಕ್ ತಾವಾಗಿಯೇ ಬಂದು, ಟ್ಯಾಂಕ್ ಬಿಚ್ಚಿ ತೊಳೆದು, ಪರೀಕ್ಷಿಸಿ ಹೋಗುತ್ತಾರೆ. ದುರಸ್ತಿಗಾಗಿ ಕರೆದರೆ ವರ್ಷದ ಮೊದಲ 2 ಭೇಟಿಗಳು ಉಚಿತ, ಮೂರನೆಯದರಿಂದ ಕೂಲಿ ಉಂಟು. ಒಪ್ಪಂದದ ಶುಲ್ಕ ಈಗಿರುವಷ್ಟೇ ಇರುತ್ತದೆ. ಬಿಡಿಭಾಗಗಳ ಬೆಲೆ ಹಿಂದಿನಂತೆ ಪ್ರತ್ಯೇಕ.

ಈ ಬದಲಾವಣೆಗೆ ಮುಖ್ಯ ಕಾರಣ ನೀರು. ಹಳೆಯ ಒಪ್ಪಂದವನ್ನು ರೂಪಿಸಿದಾಗ ನಮ್ಮ ಗ್ರಾಹಕರಲ್ಲಿ ಹೆಚ್ಚಿನವರು ಬಸವನಗುಡಿ, ಜಯನಗರ, ಮಲ್ಲೇಶ್ವರಗಳಂಥ ಬಡಾವಣೆಗಳಲ್ಲಿದ್ದು, ಅವರ ಟ್ಯಾಂಕಿಗೆ ಬರುತ್ತಿದ್ದದ್ದು ಕಾವೇರಿ ನೀರು. ಈಗ ಬೋರ್‌ವೆಲ್, ಟ್ಯಾಂಕರ್ ನೀರು ಬಳಸುವ, ವರ್ತೂರು, ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಗಳ ಕಡೆಯ ಮನೆಗಳೇ ಹೆಚ್ಚಾಗಿವೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ 5ನೇ ಹಂತ ಉದ್ಘಾಟನೆಯಾಗಿ ನಗರಕ್ಕೆ ಸೇರಿಸಿದ ಹೊರವಲಯದ 110 ಹಳ್ಳಿಗಳ ಪ್ರದೇಶಕ್ಕೆ ಆ ನೀರು ಬರತೊಡಗಿದೆಯಾದರೂ, ಎಷ್ಟೋ ಮನೆಗಳ ಸಂಪಿನಲ್ಲಿ ಅದು ಬೋರ್‌ವೆಲ್ ನೀರಿನೊಂದಿಗೇ ಬೆರೆಯುತ್ತದೆ. ಹೀಗೆ ಬೆರೆಕೆ ನೀರು ಬಳಸುವ ಮನೆಗಳನ್ನು ನಾವು ಬೋರ್‌ವೆಲ್ ಮನೆಗಳಂತೆಯೇ ಗಡಸು ನೀರಿನ, ಅಂದರೆ ಸುಣ್ಣದ ಅಂಶ ಹೆಚ್ಚಿರುವ ನೀರಿನ ಲೆಕ್ಕಕ್ಕೇ ಸೇರಿಸಿದ್ದೇವೆ.

ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನಕವು ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನವನ್ನು ಸ್ವೀಕಾರಾರ್ಹವೆಂದೂ, ಬೇರೆ ನೀರಿನ ಮೂಲವಿಲ್ಲದಿದ್ದರೆ 600ರವರೆಗೆ ಇರಬಹುದೆಂದೂ ಹೇಳುತ್ತದೆ. ಆದರೆ ಕುಡಿಯಲು ಯೋಗ್ಯವಾದ ನೀರೆಲ್ಲ ಗೀಸರಿಗೆ ಒಗ್ಗುತ್ತದೆಂದೇನೂ ಇಲ್ಲ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾಯಿಸಿದಾಗ ಕ್ಯಾಲ್ಸಿಯಂ ಕಾರ್ಬೊನೇಟಾಗಿ, ಅಂದರೆ ಸುಣ್ಣಕಲ್ಲಾಗಿ ಬೇರ್ಪಟ್ಟು, ಎಲ್ಲಕ್ಕಿಂತ ಬಿಸಿಯಾದ ಜಾಗವಾದ ಕಾಯಿಲ್ ಮೇಲೆಯೇ ಮೊದಲು ಕೂರುತ್ತದೆ. ಆ ಪದರ ಶಾಖವನ್ನು ಸುಲಭವಾಗಿ ಹಾಯಗೊಡುವುದಿಲ್ಲವಾದ್ದರಿಂದ ಒಳಗಿನ ಕಾಯಿಲ್ ತನ್ನ ಶಾಖವನ್ನು ನೀರಿಗೆ ಕೊಡಲಾಗದೆ ತಾನೇ ಕಾದು, ಕೊನೆಗೆ ಹೊರಕವಚ ಸೀಳಿ, ಒಳಗೆ ನೀರು ಹೊಕ್ಕು, ಸ್ವಿಚ್ ಹಾಕಿದೊಡನೆ ಟ್ರಿಪ್ ಆಗತೊಡಗುತ್ತದೆ. ಅಂಥ ಗೀಸರನ್ನು ಬಿಚ್ಚಿದರೆ ಬೆರಳು ಗಾತ್ರದ ಕಾಯಿಲ್ ಮಣಿಕಟ್ಟಿನಷ್ಟು ದಪ್ಪನಾಗಿ, ಬಿಳಿ ಬೂದು ಬಣ್ಣದ ಹೊಪ್ಪಳೆ ಹೊತ್ತು ಹೊರಬರುತ್ತದೆ. ಅದರ ಹಿಂದೆಯೇ ಟ್ಯಾಂಕಿನ ತಳದಿಂದ ಮೊಟ್ಟೆಯ ಸಿಪ್ಪೆಯಂಥ ಚೂರುಗಳು ಬಕೆಟ್ಟಿಗೆ ಸುರಿಯುತ್ತವೆ. ಆ ಚೂರುಗಳನ್ನು ಅಲ್ಲೇ ಬಿಟ್ಟು ಹೊಸ ಕಾಯಿಲ್ ಹಾಕಿದರೆ ಅದೂ ಬೇಗನೆ ಅದೇ ದಾರಿ ಹಿಡಿಯುತ್ತದೆ. ಕೆಟ್ಟಾಗ ಮಾತ್ರ ಕರೆಯುವ ಪದ್ಧತಿಯಲ್ಲಿ ಆಗುತ್ತಿದ್ದದ್ದು ಬಹುಪಾಲು ಇದೇ.

ಇದಕ್ಕೆ ಮುನ್ಸೂಚನೆ ಇಲ್ಲದಿಲ್ಲ. ಗೀಸರ್ ಕಾಯುವಾಗ ಒಳಗಿನಿಂದ ಪಟಪಟ ಸದ್ದು ಬರುತ್ತಿದ್ದರೆ, ಪದರದ ಅಡಿಯಲ್ಲಿ ಸಿಕ್ಕಿಕೊಂಡ ನೀರು ಆವಿಯಾಗಿ ಸಿಡಿಯುತ್ತಿದೆಯೆಂದು ತಿಳಿಯಬಹುದು. 25 ಲೀಟರಿನ ನೀರನ್ನು 40 ಡಿಗ್ರಿಯಷ್ಟು ಏರಿಸಲು 2,000 ವಾಟಿನ ಗೀಸರಿಗೆ ಸುಮಾರು 35 ನಿಮಿಷ ಸಾಕು. ಅದಕ್ಕಿಂತ ಗಣನೀಯವಾಗಿ ತಡವಾಗುತ್ತಿದ್ದರೂ ಪರೀಕ್ಷೆ ಮಾಡಿಸಬೇಕು. ಬಿಸಿ ಏರಿದಷ್ಟೂ ಸುಣ್ಣ ಬೇಗ ಬೇರ್ಪಡುವುದರಿಂದ, ಬಿಸಿ ಹೊಂದಿಸುವ ತಿರುಗುಗುಂಡಿ ಇರುವ ಗೀಸರುಗಳಲ್ಲಿ ಥರ್ಮೋಸ್ಟಾಟನ್ನು 60 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಕೊನೆಯ ಗುರುತಿನವರೆಗೆ ತಿರುಗಿಸಿಟ್ಟು, ಆಮೇಲೆ ತಣ್ಣೀರು ಬೆರೆಸಿಕೊಂಡು ಸ್ನಾನ ಮಾಡುವುದರಲ್ಲಿ ಯಾವ ಲಾಭವೂ ಇಲ್ಲ.

ಕಾಯಿಲ್ ಹೋದರೆ ಬದಲಾಯಿಸಬಹುದು, ಟ್ಯಾಂಕ್ ತೂತಾದರೆ ಗೀಸರನ್ನೇ ಬದಲಾಯಿಸಬೇಕು. ಗಾಜಿನ ಲೇಪದ ಉಕ್ಕಿನ ಟ್ಯಾಂಕುಗಳೊಳಗೆ ಮೆಗ್ನೀಸಿಯಂನ ಒಂದು ಆನೋಡ್ ರಾಡ್ ಇರುತ್ತದೆ. ಉಕ್ಕಿನ ಬದಲು ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಕಾಪಾಡುವುದೊಂದೇ ಅದರ ಕೆಲಸ. ಅದು ಪೂರ್ತಿ ಸವೆದ ದಿನ ಗೀಸರ್ ನಿಲ್ಲುವುದಿಲ್ಲ, ಸದ್ದೂ ಮಾಡುವುದಿಲ್ಲ. ಆದ್ದರಿಂದಲೇ ಅದರ ಬಗ್ಗೆ ಯಾರೂ ವಿಚಾರಿಸುವುದಿಲ್ಲ. ಹೊಸ ಒಪ್ಪಂದದ ಭೇಟಿಗಳಲ್ಲಿ ಅತಿ ಮುಖ್ಯವಾದ ಕೆಲಸ ಯಾವುದೆಂದು ಕೇಳಿದರೆ ಈ ರಾಡನ್ನು ಹೊರತೆಗೆದು ನೋಡುವುದೇ ಎನ್ನುತ್ತೇವೆ. ಮನೆಗೆ ನೀರಿನ ಗಡಸುತನ ತೆಗೆಯುವ ವಾಟರ್ ಸಾಫ್ಟ್‌ನರ್ ಹಾಕಿಸಿಕೊಂಡವರು ತಮಗೆ ಇದೆಲ್ಲ ಬೇಡವೆಂದುಕೊಳ್ಳುವುದುಂಟು. ಸಾಫ್ಟ್‌ನರಿನಿಂದ ಸುಣ್ಣದ ಕಾಟ ತಪ್ಪುವುದು ನಿಜ, ಆದರೆ ಅಂಥ ನೀರಿನಲ್ಲಿ ಆನೋಡ್ ಇನ್ನಷ್ಟು ಬೇಗ ಸವೆಯಬಹುದು.

ಸೇಫ್ಟಿ ವಾಲ್ವಿನ ವಿಷಯವನ್ನು ಸ್ವಲ್ಪ ಬಿಗಿಯಾಗಿಯೇ ಹೇಳಬೇಕಾಗಿದೆ. 20 ಡಿಗ್ರಿಯ 25 ಲೀಟರ್ ನೀರು 60 ಡಿಗ್ರಿಗೆ ಕಾಯುವಷ್ಟರಲ್ಲಿ ಸುಮಾರು ಕಾಲು ಲೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ಹಿಗ್ಗಿದ ನೀರು ಹೋಗಲು ಬೇರೆ ದಾರಿ ಇಲ್ಲದಿದ್ದಾಗ ಕೆಳಗಿನ ವಾಲ್ವಿನಿಂದ ಹನಿಯುವುದು ಸಹಜ, ಅದು ಸೋರಿಕೆಯಲ್ಲ. ಗೋಡೆ ಒದ್ದೆಯಾಗುತ್ತದೆಂದು ಆ ಬಾಯಿಯನ್ನು ಎಂ-ಸೀಲಿನಿಂದ ಮುಚ್ಚಿರುವುದನ್ನು ನಮ್ಮ ಹುಡುಗರು ಆಗಾಗ ಕಾಣುತ್ತಾರೆ. ಥರ್ಮೋಸ್ಟಾಟೂ ಕೈಕೊಟ್ಟ ದಿನ ಅಂಥ ಗೀಸರ್ ಒಡೆಯಬಲ್ಲದು. ಒದ್ದೆಯಾಗುವುದೇ ತೊಂದರೆಯಾಗಿದ್ದರೆ ವಾಲ್ವಿಗೆ ಸಣ್ಣ ನಳಿಕೆ ಜೋಡಿಸಿ ಮೋರಿಗೆ ಬಿಡುತ್ತೇವೆ. ಕಾಯಿಸದಿರುವಾಗಲೂ ಹನಿಯುತ್ತಿದ್ದರೆ ಮಾತ್ರ ವಾಲ್ವ್ ಸವೆದಿದೆ ಅಥವಾ ನೀರಿನ ಒತ್ತಡ ಮಿತಿ ಮೀರಿದೆ ಎಂದರ್ಥ. ತಾರಸಿಯ ನೀರಿನ ಟ್ಯಾಂಕಿನಿಂದ ಕೆಳಗಿಳಿದ ಪ್ರತಿ 10 ಮೀಟರಿಗೆ ಸುಮಾರು 1 ಬಾರ್ ಒತ್ತಡ ಸೇರುತ್ತದೆ. ಎತ್ತರದ ಅಪಾರ್ಟ್‌ಮೆಂಟುಗಳ ಕೆಳ ಮಹಡಿಯವರು ಮತ್ತು ಪ್ರೆಷರ್ ಪಂಪ್ ಇರುವವರು ಗೀಸರಿನ ಮೇಲೆ ನಮೂದಿಸಿದ ಮಿತಿಯನ್ನು ಒಮ್ಮೆ ನೋಡಿಕೊಳ್ಳಬೇಕು.

ಅದೇ ರೀತಿ, ಪದೇ ಪದೇ ಬೀಳುವ ಥರ್ಮಲ್ ಕಟ್‌ಔಟನ್ನು (ಗೀಸರ್ ಅತಿಯಾಗಿ ಕಾದಾಗ ಕರೆಂಟ್ ಕಡಿಯುವ ಭಾಗವನ್ನು) ತಪ್ಪಿಸಿ ಡೈರೆಕ್ಟ್ ಕೊಡಿ ಎಂದು ಕೇಳಿದರೆ ನಮ್ಮ ಮೆಕ್ಯಾನಿಕ್ ಒಪ್ಪುವುದಿಲ್ಲ. ಒಪ್ಪಬಾರದೆಂದು ಹೊಸ ಒಪ್ಪಂದದಲ್ಲಿ ಬರೆದೇ ಇದ್ದೇವೆ. ಸುಣ್ಣ ತೊಳೆಯಲು ನಾವು ಸಿಟ್ರಿಕ್ ಆಮ್ಲವನ್ನಷ್ಟೇ ಬಳಸುತ್ತೇವೆ. ಶೌಚಾಲಯ ತೊಳೆಯುವ ಆಸಿಡ್ ಹಾಕಿದರೆ ಸುಣ್ಣ ಬೇಗ ಹೋಗುವುದೇನೋ ಸರಿ, ಅದರೊಂದಿಗೆ ಕಾಯಿಲಿನ ತಾಮ್ರವೂ ಸವೆಯುತ್ತದೆ. ಪ್ಲಗ್ಗಿನ ವಿಷಯ ಚಿಕ್ಕದು: 3,000 ವಾಟಿನ ಗೀಸರ್ ಸುಮಾರು 13 ಆಂಪಿಯರ್ ಎಳೆಯುತ್ತದೆ, 16 ಆಂಪಿಯರ್ ಸಾಕೆಟ್ಟೇ ಬೇಕು, ಪಿನ್ನಿನ ಬುಡ ಕಪ್ಪಾಗಿದ್ದರೆ ಕೂಡಲೇ ತಿಳಿಸಿ.

ಸೋಲಾರ್ ಇರುವವರಿಗೆ ಕೆಲವು ಮಾತು. ಗಾಜಿನ ಟ್ಯೂಬುಗಳ ತಳದಲ್ಲಿ ಸುಣ್ಣ ತುಂಬಿದಂತೆಲ್ಲ ಬಿಸಿಲು ಎಷ್ಟಿದ್ದರೂ ನೀರು ಉಗುರುಬೆಚ್ಚಗೇ ಉಳಿಯುತ್ತದೆ. ತಾರಸಿಯ ಟ್ಯಾಂಕ್ ಬರಿದಾಗಿ ಟ್ಯೂಬುಗಳು ಒಣಗಿ ಕಾದಿರುವಾಗ ನಡುಮಧ್ಯಾಹ್ನ ತಣ್ಣೀರು ಬಿಟ್ಟರೆ ಗಾಜು ಸೀಳುತ್ತದೆ. ಸಂಜೆಯವರೆಗೆ ತಡೆದು, ಆಮೇಲೆ ತುಂಬಿಸಬೇಕು. ಮೇಲೆ ನಿಂತ ಏರ್ ವೆಂಟ್ ಪೈಪು ಸೋರುತ್ತದೆಂದು ಮುಚ್ಚಿಸಬೇಡಿ. ಅದು ಕಟ್ಟಿಕೊಂಡರೆ ನೀರು ಖಾಲಿಯಾಗುವಾಗ ಒಳಟ್ಯಾಂಕ್ ಕುಗ್ಗಿಹೋಗಬಹುದು. ಮಳೆಗಾಲಕ್ಕೆಂದು ಹಾಕಿಸಿದ ಬ್ಯಾಕ್‌ಅಪ್ ಕಾಯಿಲಿನ ಸ್ವಿಚ್ಚನ್ನು, ಟ್ಯಾಂಕಿನಲ್ಲಿ ನೀರಿದೆಯೆಂಬ ಖಾತ್ರಿಯಿಲ್ಲದೆ ಹಾಕಬಾರದು.

ಗ್ಯಾಸ್ ಗೀಸರ್ ನಮ್ಮ ಒಪ್ಪಂದಕ್ಕೆ ಸೇರುವುದಿಲ್ಲ. ಆದರೂ, ಕಿಟಕಿಯಿಲ್ಲದ ಬಚ್ಚಲಲ್ಲಿ ಅದನ್ನು ಇಟ್ಟಿರುವವರು ದಯವಿಟ್ಟು ಹೊರಗೆ ಹಾಕಿಸಿಕೊಳ್ಳಿ. ಅದು ಉರಿಯುವಾಗ ಹುಟ್ಟಬಹುದಾದ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಗೀಸರುಗಳ ಮೊದಲ ಭೇಟಿ ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ, ಅಂದರೆ ಚಳಿ ಹಿಡಿದು ಎಲ್ಲರೂ ಒಟ್ಟಿಗೆ ಕರೆಯುವುದಕ್ಕೆ ಮುಂಚೆಯೇ ನಡೆಯುತ್ತದೆ. ಎರಡನೆಯದು ಫೆಬ್ರವರಿಯ ನಂತರ. ದಿನಾಂಕವನ್ನು ಒಂದು ವಾರ ಮೊದಲೇ ತಿಳಿಸುತ್ತೇವೆ. ಹಿಂದಿನ ರಾತ್ರಿಯೇ ಗೀಸರ್ ಸ್ವಿಚ್ ಆರಿಸಿರಬೇಕು, ಅಂದು ಬೆಳಿಗ್ಗೆ ಅರ್ಧ ದಿನ ಬಿಸಿನೀರು ಸಿಗುವುದಿಲ್ಲ. ಸೋಲಾರಿನ ಕೆಲಸಕ್ಕೆ ಬಿಸಿಲೇರುವ ಮುನ್ನವೇ ಬರುತ್ತೇವಾದ್ದರಿಂದ ತಾರಸಿಯ ಬೀಗದ ಕೈ ಸಿಗುವಂತೆ ಏರ್ಪಾಡು ಮಾಡಿಕೊಡಿ.

ಈಗಾಗಲೇ ಶುಲ್ಕ ಕಟ್ಟಿರುವವರಿಗೆ ಅವಧಿ ಮುಗಿಯುವವರೆಗೆ ಹಳೆಯ ಷರತ್ತುಗಳೇ ಅನ್ವಯಿಸುತ್ತವೆ. ಬಯಸಿದವರು ಅವಧಿ ಮುಗಿಯುವ ಮೊದಲೇ ಹೊಸದಕ್ಕೆ ಬರಬಹುದು. ಈ ವ್ಯವಸ್ಥೆ ಒಪ್ಪಿಗೆಯಾಗದವರಿಗೆ ಉಳಿದ ತಿಂಗಳುಗಳ ಹಣವನ್ನು ಹಿಂದಿರುಗಿಸುತ್ತೇವೆ. ತಮ್ಮ ಸಂಪಿಗೆ ಯಾವ ಯಾವ ನೀರು ಬರುತ್ತದೆಂಬುದನ್ನು ಲಗತ್ತಿಸಿರುವ ಚೀಟಿಯಲ್ಲಿ ಬರೆದು, ಜುಲೈ 20ರೊಳಗೆ ನಮ್ಮ ಮೆಕ್ಯಾನಿಕ್ ಕೈಗೆ ಕೊಡಿ ಅಥವಾ ಕಚೇರಿಗೆ ತಲುಪಿಸಿ.

ಇಂತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು, ಸೇವಾ ವಿಭಾಗ
ಬೆಂಗಳೂರು