ಅಜ್ಜಿಯ ಫೋಟೊ ಕಳಿಸು

ವಾಷಿಂಗ್ಟನ್,
ಭಾನುವಾರ ರಾತ್ರಿ

ಪ್ರೀತಿಯ ಅಮ್ಮ,

ನಾನು ಚೆನ್ನಾಗಿದ್ದೇನೆ. ಮೊನ್ನೆ ಫೋನಿನಲ್ಲಿ "ಬಟ್ಟೆ ಚೂರಿನಲ್ಲಿ ಎಂಥ ಚಿತ್ರ ಮಾಡ್ತಾರೆ?" ಅಂತ ನಕ್ಕೆಯಲ್ಲ, ಅದಕ್ಕೇ ಈ ಕಾಗದ.

ಇಲ್ಲಿ ಕಪ್ಪು ಜನರ ಇತಿಹಾಸದ ದೊಡ್ಡ ಮ್ಯೂಸಿಯಂ ಇದೆ. ಬೀಸಾ ಬಟ್ಲರ್ ಅನ್ನುವ ಕಲಾವಿದೆ 2021ರಲ್ಲಿ ಮಾಡಿದ ಹ್ಯಾರಿಯೆಟ್ ಟಬ್‌ಮನ್ ಚಿತ್ರವನ್ನು ನಾನು ನೋಡಿದ್ದು ಅಲ್ಲೇ. ಟಬ್‌ಮನ್ ಗುಲಾಮಳಾಗಿ ಹುಟ್ಟಿದವಳು. 1849ರಲ್ಲಿ ತಪ್ಪಿಸಿಕೊಂಡಳು. ಆಮೇಲೂ ಸುಮ್ನಿರದೆ ಸುಮಾರು 13 ಸಲ ವಾಪಸ್ ಹೋಗಿ 70ರಷ್ಟು ಜನರನ್ನು ಬಿಡಿಸಿಕೊಂಡು ಬಂದಳು. ಸಾಮಾನ್ಯವಾಗಿ ಕಾಣುವ ಫೋಟೊಗಳಲ್ಲಿ ಆಕೆ ಮುದುಕಿ. ಬಟ್ಲರ್ ಆರಿಸಿಕೊಂಡದ್ದು 1868ರ ಆಸುಪಾಸಿನ ಒಂದು ಪುಟ್ಟ ಫೋಟೊ. ಅದರಲ್ಲಿ ಆಕೆ ನಲವತ್ತು ದಾಟಿದ ಹೆಂಗಸು, ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟು ಗತ್ತಿನಲ್ಲಿ ಕೂತಿದ್ದಾಳೆ.

ಬಟ್ಲರ್ ಮಾಡಿದ ಚಿತ್ರ ಬಟ್ಟೆಯದು, ನಿನ್ನ ಲೆಕ್ಕದಲ್ಲಿ ಅದು ಕೌದಿಯೇ. ಹತ್ತಿರ ಹೋದೆ. ದೂರದಿಂದ ಮೈಬಣ್ಣ ಅಂದುಕೊಂಡದ್ದು ನೀಲಿ, ನೇರಳೆ, ಕೆಂಪು ತುಂಡುಗಳು. ಬಟ್ಲರ್ ಹಳೆಯ ಫೋಟೊವನ್ನು ದೊಡ್ಡದು ಮಾಡಿ, ಬೆಳಕು ಎಲ್ಲಿ, ನೆರಳು ಎಲ್ಲಿ ಅಂತ ಗುರುತು ಹಾಕಿಕೊಂಡು, ಅದಕ್ಕೆ ತಕ್ಕ ಬಟ್ಟೆ ಕತ್ತರಿಸುತ್ತಾಳೆ. ಒಂದರ ಮೇಲೊಂದು ಜೋಡಿಸಿ, ಕೆಳಗೆ ಹತ್ತಿ, ಅದರ ಕೆಳಗೆ ಅಸ್ತರು ಕೊಟ್ಟು, ಮೂರೂ ಪದರ ಹಿಡಿದು ಹೊಲಿಯುತ್ತಾಳೆ. ಗಲ್ಲದ ಮೇಲೆ ಹೊಲಿಗೆ ಗಲ್ಲದ ತಿರುವಿನಲ್ಲೇ ಹೋಗುತ್ತೆ. ನೀನಾಗಿದ್ದರೆ ಮೊದಲು ಹಿಂದುಗಡೆ ತಿರುಗಿಸಿ ಗಂಟು ನೋಡುತ್ತಿದ್ದೆ, ಅಲ್ವಾ?

ಕಪ್ಪು ಬಿಳುಪು ಫೋಟೊದಲ್ಲಿ ಇಲ್ಲದ ಬಣ್ಣವೆಲ್ಲ ಬಟ್ಲರಳದ್ದೇ. ಅವಳ ಅಪ್ಪ ಘಾನಾದವರು. ಆಫ್ರಿಕಾದ ಹೆಂಗಸರು ಉಡುವ ಮೇಣದಚ್ಚಿನ ಬಟ್ಟೆಯನ್ನು ಅವಳು ಜಾಸ್ತಿ ಬಳಸುತ್ತಾಳೆ.

ಮಿಕಲೀನ್ ಥಾಮಸ್ ಅನ್ನುವ ಇನ್ನೊಬ್ಬ ಕಲಾವಿದೆಯದು ಬೇರೆ ದಾರಿ. ಬಣ್ಣದ ಮೇಲೆ ಮಿಣಮಿಣ ಹರಳು ಅಂಟಿಸುತ್ತಾಳೆ. ಮೊದಲು ಪುಸ್ತಕದಲ್ಲಿ ನೋಡಿ, ಸ್ವಲ್ಪ ಅತಿಯಾಯ್ತು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಎಷ್ಟೋ ಚಿತ್ರಗಳಿಗೆ ಕೂತವಳು ಅವಳ ಅಮ್ಮ. ಅಮ್ಮ ಹೊಳೆಯಲಿ ಬಿಡು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಎನ್‌ಜಿಡೆಕಾ ಅಕುನ್ಯಿಲಿ ಕ್ರಾಸ್ಬಿ ಅನ್ನುವ ಕಲಾವಿದೆ. ನೈಜೀರಿಯಾದಲ್ಲಿ ಹುಟ್ಟಿ, 16ರ ವಯಸ್ಸಿಗೆ ಅಮೆರಿಕಕ್ಕೆ ಬಂದವಳು. ಅವಳ ಚಿತ್ರವನ್ನು ದೂರದಿಂದ ನೋಡಿದರೆ ಒಬ್ಬ ಹೆಂಗಸು ಸುಮ್ನೆ ಮನೆಯಲ್ಲಿ ಕೂತಿದ್ದಾಳೆ. ಹತ್ತಿರ ಹೋದರೆ ಗೋಡೆ, ನೆಲದ ತುಂಬ ಸಣ್ಣ ಸಣ್ಣ ಮುಖಗಳು. ಮನೆಯ ಆಲ್ಬಮ್ಮಿನವು, ನೈಜೀರಿಯಾದ ಪತ್ರಿಕೆಗಳವು. ಫೋಟೊ ಪ್ರತಿಯನ್ನು ಕಾಗದದ ಮೇಲೆ ಬೋರಲು ಇಟ್ಟು, ಹಿಂದಿನಿಂದ ಅಸಿಟೋನ್ ಹಚ್ಚಿ ಉಜ್ಜುತ್ತಾಳೆ. ಹೌದು, ಉಗುರುಬಣ್ಣ ತೆಗೆಯುವ ಅದೇ ದ್ರವ. ಶಾಯಿ ಬಿಟ್ಟು ಕಾಗದಕ್ಕೆ ಇಳಿಯುತ್ತೆ, ಸ್ವಲ್ಪ ಮಸುಕಾಗಿ. ಇಲ್ಲಿ ಅಡುಗೆಮನೆಯಲ್ಲಿ ಒಬ್ಬಳೇ ನಿಂತಿರುವಾಗ ನನ್ನ ಗೋಡೆಯೂ ಹಾಗೇ ಇರುತ್ತೆ ಅಮ್ಮ.

ಈಗ ಕೆಲಸದ ಮಾತು. ಅಜ್ಜಿ ಒಬ್ಬಳೇ ಇರುವ ಫೋಟೊ ನಮ್ಮಲ್ಲಿ ಒಂದೂ ಇಲ್ಲ. ನಿನ್ನ ಮದುವೆಯ ಗುಂಪಿನ ಫೋಟೊದಲ್ಲಿ ಹಿಂದೆ ನಿಂತಿದ್ದಾಳಲ್ಲ, ಯಾರದೋ ಭುಜ ಅಡ್ಡ ಬಂದು ಅರ್ಧ ಮುಖ ಮಾತ್ರ ಕಾಣುತ್ತೆ. ಅದನ್ನೇ ಮೊಬೈಲಿನಲ್ಲಿ ತೆಗೆದು ಕಳಿಸು. ಆ ದಿನ ಅವಳು ಉಟ್ಟಿದ್ದು ಯಾವ ಬಣ್ಣ ಅಂತಲೂ ಬರಿ. ಕಾಣದ ಅರ್ಧ ಮುಖ ಹೇಗಿತ್ತು ಅಂತ ನೀನೇ ಹೇಳಬೇಕು.

ಅಪ್ಪನಿಗೆ ಓದಿ ಹೇಳು.

ನಿನ್ನ ಮಗಳು